ಸೀಟಿ ಜೈನಬಿ

ಜೈನಬಿಯ ಹೆಸರು ಗುರವ್ವನ ಕಿವಿಗೆ ಬಿದ್ದದ್ದು ಯುಗಾದಿಯ ಮರುದಿನ, ನಳದ ಕಟ್ಟೆಯ ಮೇಲೆ ಕೊಡ ತಿಕ್ಕುವಾಗ. ಹೆಸರು ಹೊತ್ತು ತಂದವಳು ತಂಗಿಯ ಮಗಳು ಮಹಾನಂದಾ. ಆಕೆಗೊಂದು ಸುದ್ದಿ ಸಿಕ್ಕರೆ ಓಣಿಗೆ ಡಂಗುರ ಹೊಡೆಸುವ ಖರ್ಚು ಉಳಿದಂತೆ.

"ದೊಡ್ಡವ್ವಾ, ಕೇಳಿದೇನ? ಕೆರಿ ಹೂಳು ತಗಿಯೋ ಕೆಲಸಕ್ಕ ನಮ್ಮ ಗುಂಪಿಗೆ ಹೊಸಾ ಮುಂದಾಳು ಬರಾಕತ್ತಾಳ. ದುಮ್ಮವಾಡದಾಕಿ, ಜೈನಬಿ ಅಂತ. ಕೊರಳಾಗ ಸೀಟಿ ಹಾಕ್ಕೊಂಡ ತಿರಗತಾಳಂತ. ಬಿಸಲಿಂದು ಏನೋ ರೂಲ್ಸ್ ಬಂದಾವಂತ. ತಲಿ ತಿರಗಿ ಬಿದ್ದ ಮುದಕ್ಯಾರ ಹೆಸರು ಹಾಜರಿ ಪಟ್ಟಿಯಿಂದ ಅವತ್ತ ಹೊಡದ ಹಾಕತಾಳಂತ!"

ಗುರವ್ವನ ಕೈ ಕೊಡದ ಮೇಲೆಯೇ ನಿಂತಿತು. ಅವಳಿಗೆ ಆಗ ಅರವತ್ನಾಲ್ಕು. ಗಂಡ ಸಂಗನಬಸವ ತೀರಿಕೊಂಡ ಮೇಲೆ ಹನ್ನೆರಡು ಬೇಸಿಗೆ ಉದ್ಯೋಗ ಖಾತ್ರಿಯ ಮಣ್ಣು ಹೊತ್ತಿದ್ದಳು. ಮನೆಯಲ್ಲಿ ಕೂತರೆ ಗೋಡೆಯೂ ಮಾತಾಡುವುದಿಲ್ಲ. ಕೆರೆಯಂಗಳದಲ್ಲಿ ಮೂವತ್ತು ಬಾಯಿ. ಬುಟ್ಟಿ ತಲೆಯ ಮೇಲಿರುವಷ್ಟು ದಿನ ತಾನೂ ಒಬ್ಬಳು ಮನುಷ್ಯಳು ಎಂದು ನಂಬಿದವಳು ಅವಳು.

"ಯಾವಾಕಿಬೇ ಆಕಿ, ನನ್ನ ತಲೀ ಮ್ಯಾಲಿನ ಬುಟ್ಟಿ ಇಳಸಾಕಿ? ನಾ ಬೀಳಂಗಿಲ್ಲ, ಆಕಿ ಹೊಡಿಯಂಗಿಲ್ಲ!" ಎಂದು ಕೊಡವನ್ನು ಎಷ್ಟು ಜೋರಾಗಿ ಇಟ್ಟಳೆಂದರೆ ತಳದಲ್ಲಿ ಒಂದು ತಗ್ಗು ಬಿತ್ತು.

ಮುಂದಿನ ವಾರ ನಸುಕು ಹರಿಯುವುದರೊಳಗೆ ಕೆರೆಯ ಒಡ್ಡಿನ ಮೇಲೆ ಸೀಟಿ ಕೂಗಿತು. ಪುರ್ರ್ರ್! ಗಿಡದ ಕಾಗೆಗಳೆಲ್ಲ ಎದ್ದು ಹಾರಿದವು. ನಲವತ್ತೈದು ದಾಟಿದ ಗಿಡ್ಡ ಹೆಂಗಸು. ತಲೆಯ ಮೇಲೆ ಸೆರಗು, ಕೊರಳಲ್ಲಿ ಕರಿ ದಾರದ ಸೀಟಿ, ಕೈಯಲ್ಲಿ ಒಂದು ಕಾಗದ. ಜೈನಬಿ ಕಾಗದವನ್ನು ಊರಿಗೇ ಕೇಳುವಂತೆ ಓದಿದಳು. ಕೆಲಸ ಆರಕ್ಕೆ ಶುರು, ಹನ್ನೊಂದಕ್ಕೆ ಬಂದ್. ತಾಡಪತ್ರಿಯ ನೆರಳು. ಅರ್ಧ ತಾಸಿಗೊಮ್ಮೆ ಸೀಟಿ. ಸೀಟಿ ಆದ ಕೂಡಲೇ ಒಂದೊಂದು ಲೋಟ ನೀರು. ತಲೆ ಭಾರವಾದರೆ ಉಪ್ಪು-ಸಕ್ಕರೆಯ ಪುಡಿ ಕಲಸಿದ ನೀರು.

ಎಲೆಯಡಿಕೆ ಅಗಿಯುತ್ತಿದ್ದ ಮಡಿವಾಳೆಪ್ಪ, ಗುಂಪಿನ ಹಿರಿಯ, ಸುಮ್ಮನಿರುವ ಪೈಕಿ ಅಲ್ಲ. "ಏನ್ರಿಬೇ, ಮಣ್ಣು ಹೊರಾಕ ಬಂದೀವೋ, ಮದವಿಗೆ ಬಂದೀವೋ? ಪೆಂಡಾಲ ಏನು, ಶರಬತ್ತ ಏನು!"

"ಮದವೀನ ಅಂತ ತಿಳೀರಿ ಕಾಕಾ. ಮದುಮಗ ನೀವ. ಮೊದಲ ಲೋಟಾ ನಿಮಗ," ಎಂದು ಜೈನಬಿ ಲೋಟ ಚಾಚಿದಳು.

ಕೆರೆಯಂಗಳ ನಕ್ಕಿತು. ಮಡಿವಾಳೆಪ್ಪ ಕುಡಿಯದೆ ಏನು ಮಾಡಿಯಾನು? ಗಟಗಟ ಕುಡಿದ.

ಗಂಡಸರು ಕುಡಿದರು, ಒಡ್ಡಿನ ಆಚೆ ಹೋಗಿ ಬಂದರು. ಹೆಂಗಸರ ಲೆಕ್ಕವೇ ಬೇರೆ. ಲೋಟ ಎತ್ತಿದಂತೆ ಮಾಡಿ, ಸೆರಗಿನ ಮರೆಯಲ್ಲಿ ಬಗ್ಗಿಸಿ, ನೀರನ್ನು ಬೆನ್ನ ಹಿಂದಿನ ಮಣ್ಣಿಗೆ ಬಿಡುವುದು. ಈ ವಿದ್ಯೆಯ ಗುರು ಗುರವ್ವನೇ. ಹನ್ನೆರಡು ವರ್ಷದಲ್ಲಿ ಯಾವ ಮುಂದಾಳಿಗೂ ಸಿಕ್ಕಿದ್ದಿಲ್ಲ.

ಆದರೆ ಅಂದು ಒಂದು ಮಾತು ಬಾಯಿ ತಪ್ಪಿ ಹೊರಬಿತ್ತು. "ಎಲ್ಲಾರಿಗೂ ಕುಡಸ್ತಿ, ನೀ ಯಾಕ ಒಂದ ಹನಿ ಮುಟ್ಟಂಗಿಲ್ಲ?"

"ನಂದು ರೋಜಾದ ಉಪಾಸ ಐತ್ರಿ, ಗುರವ್ವಕ್ಕಾ. ನಿಮ್ಮದೇನು?"

ಗುರವ್ವ ಲೋಟ ಎತ್ತಿದಳು, ಬಗ್ಗಿಸಿದಳು.

ಎಂಟನೆಯ ದಿನ. ಹತ್ತರ ಹೊತ್ತಿಗೇ ಬಿಸಿಲು ಕಾದ ಹಂಚಿನಂತಾಗಿತ್ತು. ಗುರವ್ವನಿಗೆ ಬುಟ್ಟಿ ಏರಿಸಿಕೊಂಡದ್ದು ನೆನಪಿದೆ, ಒಡ್ಡಿನತ್ತ ನಾಲ್ಕು ಹೆಜ್ಜೆ ಇಟ್ಟದ್ದು ನೆನಪಿದೆ. ಬೆವರು ಒಮ್ಮೆಲೇ ನಿಂತಿತು. ಮುಂದೆ ಹೋಗುತ್ತಿದ್ದ ಮಹಾನಂದಾ ಒಬ್ಬಳಿದ್ದವಳು ಇಬ್ಬರಾದಳು. ಬೀಳಬಾರದು, ಬಿದ್ದರೆ ಹೆಸರು ಹೋಗುತ್ತದೆ ಅಂದುಕೊಳ್ಳುತ್ತಲೇ ಬಿದ್ದಳು.

"ದೊಡ್ಡವ್ವಾ!" ಎಂದು ಮಹಾನಂದಾ ಚೀರಿದಳು. ಬಿದ್ದವರಿಗೆ ಊರಲ್ಲಿ ಒಂದೇ ಔಷಧ: ಕೈಯೊಳಗೆ ಕಬ್ಬಿಣ, ಮೂಗಿಗೆ ಚಪ್ಪಲಿ. ಮಹಾನಂದಾ ಮನೆಯ ಕೀಲಿಕೈ ತೆಗೆದು ಗುರವ್ವನ ಮುಷ್ಟಿಗೆ ತುರುಕಿದಳು. ಮಡಿವಾಳೆಪ್ಪ ಕಾಲಲ್ಲಿದ್ದ ಚಪ್ಪಲಿ ಕಳಚಿಕೊಂಡು ಓಡಿ ಬಂದ. ಯಾರೋ ಕಂಬಳಿ ಹೊದಿಸಲು ತಂದರು. ಮೂವತ್ತು ಮಂದಿ ಸುತ್ತುಗಟ್ಟಿ ನಿಂತು ಇದ್ದ ಗಾಳಿಯನ್ನೂ ನುಂಗಿದರು.

ಪುರ್ರ್ರ್ರ್! ಜೈನಬಿ ಓಡಿ ಬಂದ ರಭಸಕ್ಕೆ ಧೂಳೆದ್ದಿತು. "ಸರೀರಿ! ದೂರ ಸರೀರಿ! ಕಾಕಾ, ಚಪ್ಲಿ ಕಾಲಿಗೆ ಹಾಕ್ಕೋರಿ, ಈಕಿ ಕಾಲು ಹಿಡೀರಿ. ನೆರಳಿಗೆ ಹೋಗೂಣು, ಲಗೂ!" ಕೀಲಿ ಒಂದು ಕಡೆ ಹಾರಿತು, ಕಂಬಳಿ ಇನ್ನೊಂದು ಕಡೆ. ತಾಡಪತ್ರಿಯ ಕೆಳಗೆ ಮಲಗಿಸಿ ಕೊಡಕ್ಕೆ ಕೊಡವೇ ನೀರು ಸೀರೆಯ ಮೇಲೆ ಸುರಿದಳು. ಕುತ್ತಿಗೆಗೆ, ಕಂಕುಳಿಗೆ ಒದ್ದೆ ಅರಿವೆ. ಮಹಾನಂದಾ ಬುಟ್ಟಿಯಿಂದಲೇ ಗಾಳಿ ಬೀಸಿದಳು. ಯಾರೋ ಬಾಯಿಗೆ ನೀರು ಹಾಕಲು ಬಂದರೆ ಜೈನಬಿ ಕೈ ತಡೆದಳು: "ಎಚ್ಚರ ಆಗಲಿ, ಆಮ್ಯಾಲೆ. ಈಗ ಹಾಕಿದರ ಉಸರಿಗೆ ಹೋಗತೈತಿ."

ಎಲ್ಲರೂ ಗುರವ್ವನ ರೆಪ್ಪೆಗಳನ್ನೇ ನೋಡಿದರು. ರೆಪ್ಪೆ ಅಲುಗಿತು. ಕಣ್ಣು ತೆರೆದ ಗುರವ್ವ ಮೊದಲು ಹಿಡಿದದ್ದು ಜೈನಬಿಯ ಕೈ.

"ನನ್ನ ಹೆಸರ ಹೊಡೀಬ್ಯಾಡಬೇ. ನಾ ಬಿದ್ದಿಲ್ಲ. ಎಡವೀನಿ."

"ಹೆಸರ ಹೊಡಿಯೂದು ಅಂತ ಯಾರ ಹೇಳಿದರ್ರಿ ನಿಮಗ?"

ಎಲ್ಲರ ಕಣ್ಣು ಮಹಾನಂದಾಳ ಕಡೆ ತಿರುಗಿದವು. ಆಕೆ ಬುಟ್ಟಿಯನ್ನು ಮುಖಕ್ಕೆ ಅಡ್ಡ ಹಿಡಿದು ಇನ್ನೂ ಜೋರಾಗಿ ಗಾಳಿ ಬೀಸಿದಳು.

ಪುಡಿ ಕಲಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತ ಜೈನಬಿ ತನ್ನ ತಾಯಿ ಶಮೀಮಾಬಿಯ ಸುದ್ದಿ ಹೇಳಿದಳು. ಕಬ್ಬಿನ ಹೊಲದಲ್ಲಿ ಹೀಗೇ ಬಿದ್ದವಳು ಮತ್ತೆ ಏಳಲಿಲ್ಲ. ಆಗ ಜೈನಬಿಗೆ ಹತ್ತೊಂಬತ್ತು. "ನಾನ ಆಕಿ ಕೈಯಾಗ ಕುಡಗೋಲ ಹಿಡಿಸಿದೆ. ಕಬ್ಬಿಣ ಹಿಡಿಸಿದರ ಏಳ್ತಾಳ ಅಂದರು, ಹಿಡಿಸಿದೆ. ನೀರಿನ ಕೊಡಾ ಹತ್ತ ಮಾರು ದೂರ ಇತ್ತು. ನನಗ ಹೊಳೀಲಿಲ್ಲ." ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡಳು. "ಈ ರೂಲ್ಸ್ ಯಾರನ್ನೂ ತಗಿಯಾಕ ಬಂದಿಲ್ರಿ. ಬೀಳೋಕಿಂತ ಮೊದಲ ಹಿಡಿಯಾಕ ಬಂದಾವ. ಲೋಟಗಟ್ಟಲೆ ಕೊಟ್ಟೇನಿ, ನೀವು ಹೆಂಗ ಬಿದ್ದಿರಿ?"

ಗುರವ್ವ ಗಂಡಸರನ್ನು ದೂರ ಕಳಿಸು ಎಂದು ಸನ್ನೆ ಮಾಡಿದಳು. ಆಮೇಲೆ ಜೈನಬಿಯ ಕಿವಿಯಲ್ಲಿ ಹೇಳಿದಳು. ನೀರು ಚೆಲ್ಲಿದ್ದು. ಬರೀ ತಾನಲ್ಲ, ಹದಿನೇಳು ಹೆಂಗಸರೂ. ಕೆರೆಯಂಗಳ ಅಂಗೈಯಂತೆ ಬಯಲು, ಒಡ್ಡಿನ ಆಚೆ ಗಂಡಸರು, ರಸ್ತೆಯ ಮೇಲೆ ಹುಬ್ಬಳ್ಳಿ ಬಸ್ಸು. ಕುಡಿದರೆ ಒಂದಕ್ಕೆ ಹೋಗುವುದೆಲ್ಲಿಗೆ?

ಜೈನಬಿ ಹಣೆ ಬಡಿದುಕೊಂಡಳು. "ಅಯ್ಯ ನನ್ನ ಬುದ್ಧಿಗೆ! ನಾನೂ ಹೆಣಮಗಳ. ರೋಜಾದಾಗ ಕುಡಿಯಂಗಿಲ್ಲ, ಹೋಗೋ ಗೊಡವೀನೂ ಇಲ್ಲ, ಅದಕ್ಕ ತಲಿಗೆ ಹತ್ತಲಿಲ್ಲ ನೋಡ್ರಿ! ಕಾಗದಾ ಬರದಾವರಿಗೂ ಹತ್ತಿಲ್ಲ, ಓದಿದ ನನಗೂ ಹತ್ತಿಲ್ಲ."

ಹೆಂಗಸರಿಗೊಂದು ಮರೆ ಬೇಕೆಂದು ಅಂದೇ ಸಂಜೆ ಪಂಚಾಯತಿಗೆ ಅರ್ಜಿ ಹೋಯಿತು. ಆದರೆ ಅರ್ಜಿ ನಡೆದು ಬರುವವರೆಗೆ ಹೊಟ್ಟೆ ಕಾಯುತ್ತದೆಯೇ? ಮಡಿವಾಳೆಪ್ಪ ನಾಲ್ಕು ಬಿದಿರು ಹುಗಿದ, ಗುಂಡಿ ತೋಡಿದ. ಸುತ್ತ ಕಟ್ಟಲು ಅರಿವೆ ಎಲ್ಲಿ? ಗುರವ್ವ ಮನೆಗೆ ಹೋಗಿ ಟ್ರಂಕಿನ ತಳಕ್ಕೆ ಕೈ ಹಾಕಿದಳು. ಹಸಿರು ಇಳಕಲ್ ಸೀರೆ, ಕೆಂಪು ಸೆರಗು. ಸಂಗನಬಸವ ಇದ್ದಾಗ ಉಟ್ಟದ್ದು. ಅವನು ಹೋದ ಮೇಲೆ ಬೇವಿನೆಲೆ ಇಟ್ಟು ಮಡಿಚಿದ್ದು. ಒಮ್ಮೆ ಮೂಸಿ ನೋಡಿದಳು, ಹೆಗಲಿಗೆ ಹಾಕಿಕೊಂಡು ಹೊರಟಳು.

"ಯವ್ವಾ, ಇದನ್ನೇನ?" ಎಂದಳು ಮಹಾನಂದಾ.

"ಟ್ರಂಕಿನ್ಯಾಗ ಯಾರ ಮರ್ಯಾದಿ ಕಾಯತಿತ್ತು ಇದು?"

ಮರುದಿನ ಮೊದಲ ಸೀಟಿಗೆ ಗುರವ್ವ ಲೋಟ ಎತ್ತಿ, ಎಲ್ಲರಿಗೂ ಕಾಣುವ ಹಾಗೆ, ತಳ ಕಾಣುವ ತನಕ ಕುಡಿದಳು. ಇನ್ನೊಂದು ಬೇಡಿದಳು! ಹದಿನೇಳು ಹೆಂಗಸರೂ ಕುಡಿದರು. ಒಬ್ಬೊಬ್ಬರಾಗಿ ಹಸಿರು ಮರೆಗೆ ಹೋಗಿ ನಗುತ್ತ ಬಂದರು. ಎಂಟು ಹೊಡೆಯುವುದರೊಳಗೆ ಕೊಡಗಳೆಲ್ಲ ಖಾಲಿ. ಮಡಿವಾಳೆಪ್ಪ ಬಂಡಿ ಹೂಡಿ ಮತ್ತೆ ನೀರು ತಂದ. ಕೆಲಸ ನೋಡಲು ಬಂದ ಸಾಹೇಬರು ಒಡ್ಡಿನ ಮೇಲೆ ನಿಂತು, "ಅದೇನು ಇಳಕಲ್ ಸೀರಿ ಅಲ್ಲೆ?" ಎಂದು ಕೇಳಿದರೆ, ಮಡಿವಾಳೆಪ್ಪ ಮೀಸೆ ತಿರುವಿ ಅಂದ: "ಅದು ನಿಮ್ಮ ರೂಲ್ಸಿನ್ಯಾಗ ಬಿಟ್ಟಹೋದ ಸಾಲ್ರಿ, ಸಾಹೇಬ್ರ." ಸಾಹೇಬರು ನಕ್ಕರು, ಆಮೇಲೆ ತಲೆ ತಗ್ಗಿಸಿ ಬರೆದುಕೊಂಡರು. ತಿಂಗಳೊಳಗೆ ತಗಡಿನ ಮರೆ ಬಂತು. ರಂಜಾನ್ ಹಬ್ಬದ ದಿನ ಜೈನಬಿ ಡಬ್ಬಿ ತುಂಬ ಶಾವಿಗೆ-ಹಾಲಿನ ಸುರಕುಂಬಾ ತಂದು, ಮೊದಲ ಲೋಟವನ್ನು ಗುರವ್ವನ ಕೈಗೆ ಕೊಟ್ಟು ಅಂದಳು: "ಇದನ್ನ ಮಾತ್ರ ಚೆಲ್ಲಬ್ಯಾಡ್ರಿ."

ಇದೆಲ್ಲ ಆಗಿ ಎರಡು ವರ್ಷ. ಆ ಕೆರೆಯಂಗಳದಲ್ಲಿ ಮತ್ತೆ ಯಾರೂ ಬೀಳಲಿಲ್ಲ. ಈ ಬೇಸಿಗೆಗೆ ಜೈನಬಿ ಅಣ್ಣಿಗೇರಿ ಕಡೆ ಮಗಳು ಖುಷ್ಬೂಳ ಊರಿಗೆ ಹೋದಳು. ಅಲ್ಲಿ ಹೊಲಕ್ಕೆ ಒಡ್ಡು ಹಾಕುವ ಗುಂಪಿಗೆ ಕಲಿಸಿಕೊಡಲು ಕರೆದಿದ್ದರು. ನಾಲ್ಕು ದಿನ ಕಳೆದಿರಲಿಲ್ಲ, ಮಹಾನಂದಾಳ ಫೋನಿಗೆ ಕರೆ ಬಂತು.

"ಗುರವ್ವಕ್ಕಾ, ಇಲ್ಲೆ ಬರೇ ಎರಿಹೊಲ. ಕಣ್ಣ ಹರಿಯೋ ತನಕ ಒಂದ ಗಿಡಾ ಇಲ್ಲ. ಕೊಡಾ ಖಾಲಿ ಆಗಾಕತ್ತಾವ, ಹೆಂಗಸರ ತುಟಿ ಮಾತ್ರ ಒಣಗೇ ಅದಾವ. ನಿಮ್ಮ ಹಸರ ಸೀರಿ ಬೇಕಾಗೇತ್ರಿ."

"ಅಷ್ಟ ಹೌದಲ್ಲಬೇ? ನಾಳೆ ಮುಂಜಾನೆ ಬಸ್ಸಿಗೆ ಕೊಟ್ಟ ಕಳಸ್ತೇನಿ."

"ಸೀರಿ ಒಂದ ಕಳಸಬ್ಯಾಡ್ರಿ. ನೀವೂ ಬರ್ರಿ."

"ಅರವತ್ತಾರರ ಮುದಕಿನ್ನ ತೊಗೊಂಡ ಏನ ಮಾಡ್ತೀಬೇ?"

"ನೀರ ಚೆಲ್ಲೋ ಕೈ ನನಗಿನ್ನೂ ಗುರ್ತ ಸಿಗವೊಲ್ದು. ನಿಮಗ ಸಿಗತೈತಿ. ಬರ್ರಿ, ಗುರವ್ವಕ್ಕಾ."