ಹಿತ್ತಲಲ್ಲಿ ಹೂಡಿದ ಒಲೆ

ಕಂಪ್ಲಿಯಲ್ಲಿ ಯಾರ ಮನೆ ಯಾವಾಗ ಒಡೆಯಿತು ಎಂಬುದು ಮೊದಲು ತಿಳಿಯುವುದು ನೆಂಟರಿಗಲ್ಲ, ಪಂಪಾವತಿಗೆ. ಅವಳು ಮಠದ ದಾಸೋಹ ಕಚೇರಿಯಲ್ಲಿ ದಾನಿಗಳ ಮನೆವಾರು ದಾಖಲೆಯನ್ನು ಕಂಪ್ಯೂಟರಿನಲ್ಲಿ ನೋಡಿಕೊಳ್ಳುವವಳು. ಮದುವೆಯಾದ ಮಗಳನ್ನು ತವರಿನಿಂದ ತೆಗೆದು ಗಂಡನ ಮನೆಗೆ ಸೇರಿಸುವುದು, ಜಗಳವಾಡಿದ ಅಣ್ಣತಮ್ಮಂದಿರನ್ನು ಬೇರೆ ಮಾಡುವುದು, ತಿಂಗಳೊಳಗೆ ರಾಜಿಯಾದರೆ ಗೊಣಗುತ್ತ ಮತ್ತೆ ಕೂಡಿಸುವುದು, ಎಲ್ಲ ಅವಳ ಕೆಲಸ.

ಸಮಸ್ಯೆ ಹೋಳಿಗೆಯದು. ಶ್ರಾವಣದ ಕೊನೆಯ ಸೋಮವಾರ ಮಠದಲ್ಲಿ ದಾನಿಗಳ ಮನೆಯ ಯಜಮಾನನ ಹೆಸರನ್ನು ಮೈಕಿನಲ್ಲಿ ಕೂಗಿ, ಮನೆಗೊಂದು ಡಬ್ಬಿ ಹೋಳಿಗೆ ಕೊಡುತ್ತಾರೆ. ಹಾಗಾಗಿ ಆಷಾಢ ಮುಗಿಯುವ ಹೊತ್ತಿಗೆ ನಮ್ಮೂರ ಜನಕ್ಕೆ ಬೇರೆಯಾಗುವ ಹುಮ್ಮಸ್ಸು ಬರುತ್ತದೆ. ಲೋಡುಗಟ್ಟಲೆ ಭತ್ತ ಮಾರುವವರೂ ಇನ್ನೊಂದು ಡಬ್ಬಿಯ ಆಸೆಗೆ ಕಟ್ಟಿಕೊಂಡ ಹೆಂಡತಿಯನ್ನೇ ಬೇರೆ ಮನೆ ಎಂದು ಬರೆಸಲು ತಯಾರು. ನಾಚಿಕೆಗೆಟ್ಟವರು!

ಪಂಪಾವತಿ ಇದಕ್ಕೊಂದು ಕಾನೂನು ಮಾಡಿದಳು. ಒಲೆ ಬೇರೆ ಇದ್ದರೆ ಮಾತ್ರ ಬೇರೆ ಮನೆ. ಸ್ಕೂಟಿ ಹತ್ತಿ ಹೋಗಿ ತಾನೇ ನೋಡುತ್ತಿದ್ದಳು. ಅಕ್ಕಿ ಗಿರಣಿಯ ರೇವಣಸಿದ್ದಪ್ಪ ಬಚ್ಚಲಲ್ಲಿ ಸಣ್ಣ ಗ್ಯಾಸ್ ಒಲೆ ಇಟ್ಟು, "ನಮ್ಮ ತಮ್ಮಂದು ಅಡಿಗಿ ಇಲ್ಲೇ ಆಗತೈತ್ರಿ" ಅಂದ.

"ಹಂಗಾರ ಅವರನ್ನ ಕರೀರಿ. ಇಲ್ಲೇ ಕುಂತು ಉಣ್ಲಿ, ನೋಡಿ ಹೋಗ್ತೀನಿ" ಅಂದಳು ಪಂಪಾವತಿ.

ಇಂಥವಳು ಒಂದು ಸಂಜೆ ಮನೆಗೆ ಬಂದರೆ ಹಿತ್ತಲಲ್ಲಿ ಹೊಗೆ. ಅತ್ತೆ ಉಚ್ಚಂಗೆಮ್ಮ ಮೂರು ಕಲ್ಲು ಹೂಡಿ, ಕಣ್ಣು ಒರೆಸಿಕೊಳ್ಳುತ್ತ ಚಹಾ ಕುದಿಸುತ್ತಿದ್ದಳು. ಗೋಡೆಯಾಚೆ ನೆರೆಯವರ ತಲೆಗಳು. ಸೊಸೆ ಮುದುಕಿಯನ್ನು ಹೊರಗೆ ಹಾಕಿದಳೆಂದು ಅವರಲ್ಲಿ ಆಗಲೇ ತೀರ್ಪಾಗಿತ್ತು.

"ಅತ್ತಿ, ಮರ್ಯಾದಿ ತೆಗೀಬ್ಯಾಡ್ರಿ, ಒಳಗ ಬರ್ರಿ!"

"ಒಲಿ ಬ್ಯಾರೆ ಐತಿ, ನೋಡ್ಕೋ. ನನ್ನ ಹೆಸರು ಬ್ಯಾರೆ ಹಾಕು."

"ನಾ ಏನ್ ಕಡಿಮಿ ಮಾಡೀನ್ರಿ? ಹೋಳಿಗಿ ಬೇಕಂದ್ರ ಮನ್ಯಾಗ ಮಾಡಿ ಹಾಕ್ತೀನಿ."

"ಹೋಳಿಗಿ ಯಾರಿಗೆ ಬೇಕಲೇ? ಇರೋವು ಎರಡು ಹಲ್ಲು." ಮುದುಕಿಯ ದನಿ ತಗ್ಗಿತು. "ನಿಮ್ಮ ಮಾವ ಇದ್ದಾಗ ಮಾರೆಪ್ಪ ಅಂತ ಕೂಗ್ತಿದ್ರು. ಈಗ ಮೌನೇಶ ಅಂತ ಕೂಗ್ತಾರ. ವರ್ಷಾ ವರ್ಷಾ ಅಕ್ಕಿ ಹಸನ ಮಾಡಿ ಮಠಕ್ಕ ಕೊಡಾಕಿ ನಾ. ಮೈಕಿನ್ಯಾಗ ನನ್ನ ಹೆಸರು ಹೆಂಗ ಕೇಳತೈತಿ ಅಂತ ಒಮ್ಮೆ ಕೇಳಬೇಕು."

ಮಾವ ತೀರಿಕೊಂಡಾಗ ಯಜಮಾನನ ಜಾಗಕ್ಕೆ ಗಂಡ ಮೌನೇಶನ ಹೆಸರು ಹಾಕಿದವಳು ಪಂಪಾವತಿಯೇ. ಅತ್ತೆಯನ್ನು ಕೇಳಬೇಕೆಂಬುದು ತಲೆಗೇ ಬಂದಿರಲಿಲ್ಲ.

ಮರುದಿನ ಕಚೇರಿಯಲ್ಲಿ ಅವಳು ಅತ್ತೆಯನ್ನು ಬೇರೆ ಮಾಡಲಿಲ್ಲ. ಗಂಡನ ಹೆಸರು ತೆಗೆದು, ಅದೇ ಜಾಗದಲ್ಲಿ ಉಚ್ಚಂಗೆಮ್ಮ ಎಂದು ಹಾಕಿದಳು.

"ನಾ ಏನ್ ಸತ್ತೀನೇನ?" ಎಂದು ಮೌನೇಶ ಕೂಗಾಡಿದ.

"ಇಲ್ರಿ, ಮಗ ಅಂತ ಕೆಳಗ ಅದೀರಿ" ಎಂದು ಸಮಾಧಾನ ಹೇಳಿದಳು.

ಸೋಮವಾರ ಮಠ ತುಂಬಿತ್ತು. ಮೈಕು ಕೊರ್ ಎಂದು ಸದ್ದು ಮಾಡಿ, "ಉಚ್ಚಂಗೆಮ್ಮನವರ ಮನೆತನ" ಎಂದಿತು. ಹೆಂಗಸರ ನಡುವೆ ಕುಳಿತಿದ್ದ ಮುದುಕಿ ಥಟ್ಟನೆ ಎದ್ದು, ಶಾಲೆಯಲ್ಲಿ ಹಾಜರಿ ಕೊಡುವ ಹುಡುಗಿಯ ಹಾಗೆ ಕೈ ಎತ್ತಿ, "ಅದೀನ್ರೀ!" ಎಂದು ಕೂಗಿದಳು. ಮಠಕ್ಕೆ ಮಠವೇ ನಕ್ಕಿತು. ಪಂಪಾವತಿಯೂ ಕಣ್ಣು ಒರೆಸಿಕೊಳ್ಳುತ್ತ ನಕ್ಕಳು. ಮುದುಕಿ ಮಾತ್ರ ಡಬ್ಬಿಯ ಕಡೆ ಹೋಗದೆ, ಇನ್ನೊಮ್ಮೆ ಕೂಗುತ್ತಾರೇನೋ ಎಂದು ಕೈ ಎತ್ತಿಕೊಂಡೇ ನಿಂತಿದ್ದಳು.