ಹಡಗಿನಲ್ಲಿ ಬಂದದ್ದು ಬೇಡ

ಆಯಿಯ ತಾಟಿನಲ್ಲಿ ಕೆಂಪು ಚಟ್ನಿ ಇರಬೇಕಾದ ಜಾಗದಲ್ಲಿ ಹೆಬ್ಬೆರಳ ಉಗುರಿನಷ್ಟು ಕಪ್ಪು ಪುಡಿ ಇತ್ತು. ಕರಿಮೆಣಸು, ಎಳ್ಳು, ಉಪ್ಪು. ನನ್ನ ಅಜ್ಜಿ ಅದನ್ನು ರೊಟ್ಟಿಗೆ ಹಚ್ಚಿಕೊಂಡು ಶಾಂತವಾಗಿ ತಿನ್ನುತ್ತಿದ್ದರೆ ಮನೆಯಲ್ಲಿ ಉಳಿದವರಿಗೆಲ್ಲ ಸಿಟ್ಟು ಬರುತ್ತಿತ್ತು. ಮುಖ್ಯವಾಗಿ ನನ್ನ ಮೇಲೆ.

ಕಾರಣ ಹೇಳಬೇಕಾದರೆ ಚಾತುರ್ಮಾಸದಿಂದ ಶುರು ಮಾಡಬೇಕು. ನಮ್ಮಂಥ ಜೈನರ ಮನೆಗಳಲ್ಲಿ ಮಳೆಗಾಲದ ಆ ನಾಲ್ಕು ತಿಂಗಳು ಏನಾದರೊಂದು ತಿನಿಸು ಬಿಡುವ ನೇಮ ಹಿಡಿಯುವುದು ರೂಢಿ. ಏನು ಬಿಡಬೇಕೆಂಬುದು ಅವರವರ ಆತ್ಮಕ್ಕೆ ಸೇರಿದ ವಿಚಾರ, ಮತ್ತು ನಮ್ಮ ಕುಟುಂಬದ ಆತ್ಮಗಳು ಬಹಳ ಜಾಣ. ಬೀಳಗಿಯ ಸೋದರತ್ತೆ ಹೋದ ವರ್ಷ ಪಿಜ್ಜಾ ಬಿಟ್ಟಿದ್ದಳು. ಅದುವರೆಗೆ ಅವಳು ಅದನ್ನು ತಿಂದಿರಲಿಲ್ಲ. ಮುಧೋಳದಲ್ಲಿರುವ ಕಾಕಾ, ಅಂದರೆ ಅಪ್ಪನ ತಮ್ಮ, ಹಾಗಲಕಾಯಿ ಬಿಟ್ಟು ನಾಲ್ಕು ತಿಂಗಳೂ ತ್ಯಾಗಿಯ ಮುಖ ಹೊತ್ತು ತಿರುಗಿದ್ದರು. ಆಯಿ ಮಾತ್ರ ಇಂಥ ವ್ಯವಹಾರದವಳಲ್ಲ. ಒಂದು ವರ್ಷ ಅನ್ನ ಬಿಟ್ಟಿದ್ದವಳು, ಜ್ವರದಲ್ಲಿ ಮಲಗಿದಾಗ ಡಾಕ್ಟರು ಗಂಜಿ ಕುಡಿಯಲು ಹೇಳಿದರೂ ಬಾಯಿ ತೆರೆಯಲಿಲ್ಲ. ಆಗ ಅವಳಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಈಗ ಇದೆ.

ಈ ವರ್ಷ ನೇಮ ಹಿಡಿಯುವ ಹಿಂದಿನ ದಿನ ಕಾಕಾ ರಬಕವಿಯ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಅವರ ಮೊಬೈಲಿಗೆ ದಿನಾ ಬೆಳಿಗ್ಗೆ ‘ನಿಮಗಿದು ಗೊತ್ತೇ?’ ಎಂಬ ಸಂದೇಶ ಬರುತ್ತದೆ. ನಮಗೆ ಗೊತ್ತಿಲ್ಲವೆಂದೇ ಖಾತ್ರಿಯಾಗಿ ನಂಬಿ ಅದನ್ನು ಎಲ್ಲರಿಗೂ ಹಂಚುತ್ತಾರೆ. ಅವತ್ತಿನ ವಿಷಯ ನಾಯಿ.

“ಉಳಿದ ನಾಯಿ ಎಲ್ಲಾ ಹೊರಗಿನವು. ನನ್ನ ಮುಧೋಳ ನಾಯಿ ಅಷ್ಟ ಖಾಸ್ ನಮ್ಮ ಮಣ್ಣಿನ್ದು,” ಎಂದರು ಕಾಕಾ.

ನಾನು ಜಮಖಂಡಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಮಾತು ಕಡಿಮೆ. ಆದರೆ ಗೋಡೆಯ ಮೇಲೆ ಫೋಟೊ ಸೊಟ್ಟಗಿದ್ದರೆ ಕೆಲವರಿಗೆ ಹೇಗೆ ಕೂತಲ್ಲಿ ಕೂಡಲಾಗುವುದಿಲ್ಲವೋ, ತಪ್ಪು ಮಾಹಿತಿ ಕಿವಿಗೆ ಬಿದ್ದರೆ ನನಗೆ ಹಾಗೆ. ಮುಧೋಳ ನಾಯಿಯ ಪೂರ್ವಜರು ಬಹುಶಃ ಪಶ್ಚಿಮದ ದೂರದೇಶಗಳಿಂದ ಕುದುರೆ ವ್ಯಾಪಾರಿಗಳ ಜತೆ ಬಂದಿರಬೇಕು ಎಂದೆ. ಕಾಕಾ ತುತ್ತು ಕೆಳಗಿಟ್ಟರು. ಅವರಿಗೆ ಸಮಾಧಾನವಾಗಲೆಂದು, ನಾಯಿಯೊಂದೇ ಅಲ್ಲ, ನಿಮ್ಮ ತಾಟಿನಲ್ಲಿರುವ ಚಟ್ನಿಯ ಮೆಣಸಿನಕಾಯಿಯೂ ಹೊರಗಿನದೇ ಎಂದೂ ಸೇರಿಸಿದೆ.

ಸಮಾಧಾನ ಅವರಿಗಾಗಲಿಲ್ಲ. ಕುತೂಹಲ ಆಯಿಗಾಯಿತು.

“ಮೆಣಸಿನಕಾಯಿ ಹೊರಗಿಂದೇನ? ಹೆಂಗ ಬಂತು?”

“ಹಡಗಿನ್ಯಾಗ, ಆಯಿ. ಪೋರ್ಚುಗೀಸರು ತಂದ್ರು.”

“ಅದಕ್ಕಿಂತ ಮೊದಲ ನಮ್ಮ ಮಂದಿ ಖಾರಕ್ಕ ಏನ್ ಹಾಕತಿದ್ರು?”

“ಕರಿಮೆಣಸು.”

“ಬದುಕಿದ್ರಲ್ಲ?”

“ಬದುಕಿದ್ರು.”

ಮರುದಿನ ಬಸದಿಯಲ್ಲಿ ಮುನಿಗಳ ಮುಂದೆ ಆಯಿ ಕೈಮುಗಿದು, ನಾಲ್ಕು ತಿಂಗಳು ಹಡಗಿನಲ್ಲಿ ಬಂದದ್ದೇನನ್ನೂ ತಿನ್ನುವುದಿಲ್ಲ ಎಂದು ನೇಮ ಹಿಡಿದಳು. ಮುನಿಗಳು ಒಂದು ಕ್ಷಣ ಅವಳನ್ನೇ ನೋಡಿ, ನವಿಲುಗರಿಯ ಪಿಂಛಿ ಎತ್ತಿ ಆಶೀರ್ವದಿಸಿದರು.

ಅಂದಿನಿಂದ ನಾನು ನಮ್ಮ ಅಡುಗೆಮನೆಯ ಕಸ್ಟಮ್ಸ್ ಅಧಿಕಾರಿ. ಆಯಿ ಒಂದೊಂದೇ ಡಬ್ಬಿ ತೋರಿಸುತ್ತಿದ್ದಳು, ನಾನು ತೀರ್ಪು ಕೊಡುತ್ತಿದ್ದೆ. ಶೇಂಗಾ ಹೋಯಿತು. ಟೊಮ್ಯಾಟೊ, ಗೋವಿನಜೋಳ, ಪೇರಲಹಣ್ಣು ಹೋದವು. ಸೂರ್ಯಕಾಂತಿ ಎಣ್ಣೆ ಹೋಗಿ ಕುಸುಬಿ ಎಣ್ಣೆ ಬಂತು. ಬೇರೆ ಬೇರೆ ಎರಡು ಅಡುಗೆ ಮಾಡಬೇಕಾಗಿ ಬಂದ ಅವ್ವ ಲಟ್ಟಣಿಗೆಯನ್ನು ಅಗತ್ಯಕ್ಕಿಂತ ಜೋರಾಗಿ ಇಡತೊಡಗಿದಳು.

“ಎಂ.ಎ. ಮಾಡಿಸಿದ್ದು ಇದಕ್ಕ ಏನವಾ? ಇನ್ನ ಮ್ಯಾಲ ಏನರ ಗೊತ್ತಿದ್ರ, ಗೊತ್ತಿಲ್ಲ ಅನ್ನು. ಎಲ್ಲಾರೂ ಹಂಗ ಸಂಸಾರ ಮಾಡತಾರ.”

ನಾನು ಕಲಿತೆ. ಎದುರುಮನೆಯವರು ಏಕಾದಶಿ ಉಪವಾಸಕ್ಕೆಂದು ಸಾಬುದಾಣಿ, ಆಲೂಗಡ್ಡೆ, ಶೇಂಗಾ, ಹಸಿಮೆಣಸಿನಕಾಯಿ ಹಾಕಿ ಖಿಚಡಿ ಮಾಡಿದಾಗ, ಆ ಪಾತ್ರೆಯಲ್ಲಿ ದಕ್ಷಿಣ ಅಮೆರಿಕವೇ ಕುದಿಯುತ್ತಿದೆ ಎಂದು ಹೇಳಲಿಲ್ಲ. ‘ವಾಸನಿ ಛಲೋ ಬರಾಕತ್ತೈತಿ’ ಎಂದಷ್ಟೇ ಹೇಳಿದೆ.

ಆದರೆ ಎರಡು ಡಬ್ಬಿಗಳ ಬಗ್ಗೆ ಆಯಿ ಎಂದೂ ಕೇಳಲಿಲ್ಲ. ಒಂದು, ಅವಳ ಬೆಳಗು ಶುರುವಾಗಬೇಕಾದರೆ ಬೇಕೇ ಬೇಕಾದ ಚಹಾಪುಡಿಯದು. ಬೆಳಗಿನ ತಪಾಸಣೆ ಅದರ ಹತ್ತಿರ ಬಂದಾಗಲೆಲ್ಲ ಅವಳಿಗೆ ಹೊರಗೆ ಏನೋ ಕೆಲಸ ನೆನಪಾಗುತ್ತಿತ್ತು. ಇನ್ನೊಂದು ಜೋಳದ ಹಿಟ್ಟಿನದು. ಜೋಳದ ಬಗ್ಗೆ ಕೇಳಲು ಅವಳಿಗೆ ತೋಚಿರಲೇ ಇಲ್ಲ, ತನ್ನ ಹೆಸರನ್ನು ಯಾರೂ ಅನುಮಾನಿಸುವುದಿಲ್ಲವಲ್ಲ, ಹಾಗೆ. ನಮ್ಮ ಬಿಳಿಜೋಳದ ಮೂಲ ಆಫ್ರಿಕಾ ಎಂಬುದು ನನಗೆ ಗೊತ್ತಿತ್ತು. ಅಕ್ಕಿ, ಗೋದಿ ಎರಡನ್ನೂ ಡಾಕ್ಟರು ಮೊದಲೇ ಬಿಡಿಸಿದ್ದರು. ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದ ಮೇಲೆ ಊಟ ತಪ್ಪಕೂಡದು ಎಂದೂ ಎಚ್ಚರಿಸಿದ್ದರು. ಅವಳಿಗೆ ಹೊಟ್ಟೆತುಂಬ ಉಳಿದದ್ದು ರೊಟ್ಟಿಯೊಂದೇ. ಅದೂ ಹೋದರೆ ಆಯಿ ಗಂಜಿಯ ಮುಂದೆ ಬಾಯಿ ಮುಚ್ಚಿದ ಹಾಗೆ ಮುಚ್ಚುತ್ತಾಳೆಂಬುದರಲ್ಲಿ ನನಗೆ ಸಂಶಯವಿರಲಿಲ್ಲ.

ಹೀಗಿರುವಾಗ ಕಾಕಾ ಮತ್ತೆ ಬಂದರು. ನಾಯಿಯ ಅವಮಾನವನ್ನು ಅವರು ಮರೆತಿರಲಿಲ್ಲ, ನನ್ನನ್ನು ಮೀರಿಸುವ ಮಾಹಿತಿಗಾಗಿ ಮೊಬೈಲನ್ನು ಚೆನ್ನಾಗಿ ಅಗೆದಿದ್ದರು. ಹೊತ್ತು ಮುಳುಗುವ ಮೊದಲು ಊಟ ಮುಗಿಸಬೇಕೆಂದು ಎಲ್ಲರೂ ಕೂತಿದ್ದೆವು. ಆಯಿ ಗುಳಿಗೆ ನುಂಗಿ ಮೊದಲ ತುತ್ತು ಮುರಿದಿದ್ದಳು.

“ನಮ್ಮ ಪ್ರೊಫೆಸರ್ ಬಾಯೇರು ಒಂದು ಮಾತು ಬಚ್ಚಿಟ್ಟಾರ ನೋಡವ್ವಾ,” ಎಂದರು ಕಾಕಾ ಆಯಿಗೆ, ನನ್ನತ್ತ ಕಣ್ಣು ಮಿಟುಕಿಸಿ. “ನೀ ತಿನ್ನಾಕತ್ತೀಯಲ್ಲ, ಈ ಜ್ವಾಳ, ಇದು ಆಫ್ರಿಕಾದ್ದು!”

ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. ಆಯಿಯ ಕೈಯೂ ತಾಟಿನ ಮೇಲೆ ನಿಂತಿತು. ಕಾಕಾಗೆ ತಾನೇನು ಮಾಡಿದೆನೆಂದು ಹೊಳೆದದ್ದು ಆಗಲೇ.

“ಅಲ್ಲ ಅವ್ವಾ, ಮೊಬೈಲ್‌ನ್ಯಾಗ ಏನೇನೋ ಬರ್ತಾವ. ಎಲ್ಲಾ ಸುಳ್ಳ ಇರ್ತಾವ,” ಎಂದರು. ಮೊಬೈಲಿನ ಮೇಲೆ ಅವರು ಅಪನಂಬಿಕೆ ತೋರಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಆಯಿ ಅವರತ್ತ ತಿರುಗಲೂ ಇಲ್ಲ. “ನೀ ಹೇಳು. ಖರೇನು?” ಎಂದು ನನ್ನನ್ನು ಕೇಳಿದಳು.

ಅವ್ವ ನನ್ನನ್ನು ನೋಡಿದ ರೀತಿಯಲ್ಲಿ ಒಂದೇ ಮಾತಿತ್ತು: ಗೊತ್ತಿಲ್ಲ ಅನ್ನು. ಆದರೆ ನಾನು ಸುಳ್ಳು ಹೇಳುವಾಗ ಮುಖ ಹೇಗಾಗುತ್ತದೆಂಬುದು ಆಯಿಗೆ ನನ್ನ ತೊಟ್ಟಿಲ ಕಾಲದಿಂದ ಗೊತ್ತು.

“ಖರೆ, ಆಯಿ. ಆಫ್ರಿಕಾದಿಂದ ಬಂದದ್ದು. ಸಾವಿರಾರು ವರ್ಷ ಆತು. ಆದ್ರ ಹೆಂಗ ಬಂತು ಅನ್ನೂದು ಖಾತ್ರಿ ಇಲ್ಲ.”

“ಹಡಗಿನ್ಯಾಗ ಅಲ್ಲೇನು?”

“ನೀರಿನ ಮ್ಯಾಲ ಅಂತ ಕೆಲವರು ಅಂತಾರ, ನೆಲದ ಮ್ಯಾಲ ಅಂತ ಕೆಲವರು. ಪಂಡಿತರು ಇನ್ನೂ ಜಗಳಾಡಾಕತ್ತಾರ.”

ಪಕ್ಕದ ಮನೆಯ ಮಗ್ಗ ಒಂದೇ ಸಮನೆ ಬಡಿಯುತ್ತಿತ್ತು. ಆಯಿ ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ತಿರುಗಿಸಿ ನೋಡಿದಳು. ನ್ಯಾಯಾಲಯಗಳು ಇದಕ್ಕಿಂತ ಸಣ್ಣ ವಿಷಯಕ್ಕೆ ವರ್ಷಗಟ್ಟಲೆ ತೆಗೆದುಕೊಳ್ಳುತ್ತವೆ.

“ಕಂಡವರು ಇಲ್ಲ ಅಂದಮ್ಯಾಲ ನಡಕೊಂತ ಬಂದಿರ್ತೈತಿ ಬಿಡು,” ಎಂದಳು. ತುಂಡನ್ನು ಕಪ್ಪು ಪುಡಿಯಲ್ಲಿ ಒತ್ತಿ ಬಾಯಿಗಿಟ್ಟುಕೊಂಡು, ಅಗಿದು ಮುಗಿಸಿ, ಕಾಕಾನತ್ತ ತಿರುಗಿದಳು. “ನಿನ್ನ ನಾಯಿ ಬಂತಲ್ಲ ಲೇ, ಹಂಗ.”

ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು. ಕಾಕಾ ಆ ಸಂಜೆ ಇನ್ನಾವ ಮಾಹಿತಿಯನ್ನೂ ಹಂಚಲಿಲ್ಲ.

ಮರುದಿನ ಬೆಳಿಗ್ಗೆ ನಾನು ಎದ್ದಾಗ ಆಯಿ ಆಗಲೇ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಡಬ್ಬಿಗಳನ್ನು ನೋಡುತ್ತಿದ್ದಳು.

“ಇನ್ನ ಏನರ ಹೇಳೂದು ಉಳದೈತೇನ?” ಎಂದು ಕೇಳಿದಳು. ಕೇಳಿದವಳೇ ಉತ್ತರಕ್ಕೆ ಕಾಯದೆ, ತುಳಸಿಗೆ ನೀರು ಹಾಕಬೇಕೆಂದು ಹಿತ್ತಿಲಿಗೆ ನಡೆದಳು.

ನಾನು ಒಲೆ ಹಚ್ಚಿ ನೀರಿಟ್ಟೆ. ಅದು ಕುದಿ ಬಂದ ಮೇಲೆ, ದಿನಕ್ಕಿಂತ ಒಂದು ಚಿಟಿಕೆ ಹೆಚ್ಚೇ ಚಹಾಪುಡಿ ಹಾಕಿದೆ.