ನಕ್ಷಾ ಇಳಿಸಿದ್ದು

ನಿಲಂಗಾ ಬಸ್‌ಸ್ಟ್ಯಾಂಡಿನ ಎದುರು ಬಸವೇಶ್ವರಿಯ ಅಂಗಡಿ. ಮೂರು ಕಂಪ್ಯೂಟರು, ಒಂದು ಪ್ರಿಂಟರು, ಜೊತೆಗೆ ಎಂಥ ಗಿರಾಕಿಯನ್ನೂ ಸಾಲಿನಲ್ಲಿ ನಿಲ್ಲಿಸುವ ಆಕೆಯ ಬಾಯಿ. ಉಮರ್ಗಾದಿಂದ ಉದಗೀರದವರೆಗೆ ಎಷ್ಟೋ ಅಡತಿ ಅಂಗಡಿಗಳ ವೆಬ್‌ಸೈಟ್ ಆಕೆಯ ಕೈಯದೇ. ಮದುವೆ ಒಲ್ಲೆ ಎಂದವಳು. ಯಾಕೆ ಎಂದು ಕೇಳಿದವರು ಎರಡನೇ ಸಲ ಕೇಳಿಲ್ಲ. ಸಿಟ್ಟು ಬಂದರೆ ಕೂಗಾಡುವವಳಲ್ಲ, ಒಳಗೇ ಇಟ್ಟುಕೊಳ್ಳುವವಳು. ಕೂಗಾಡುವವರಾದರೂ ವಾಸಿ.

ಆಕೆಯ ಅಪ್ಪ ಚಿದಂಬರಯ್ಯ ಮಠಪತಿ. ಇನ್ನೂರಕ್ಕೂ ಮಿಕ್ಕ ಮನೆಗಳಿಗೆ ಆತನೇ ಅಯ್ಯ, ಮನೆತನದ ಜಂಗಮ ಗುರು. ಲಗ್ನವಿರಲಿ, ತೊಟ್ಟಿಲಿರಲಿ, ಸಾವಿರಲಿ, ಆತ ಬರಬೇಕು. ಸತ್ತವರ ತಲೆಯ ಮೇಲೆ ಅಯ್ಯನ ಪಾದ ಬೀಳದೆ ಹೆಣ ಮನೆ ಬಿಟ್ಟು ಏಳುವುದಿಲ್ಲ. ನಲವತ್ತು ವರ್ಷ ಬಸ್ಸು, ಟಂಟಂ, ಕಾಲ್ನಡಿಗೆ ಎನ್ನದೆ ತಿರುಗಿದ ಜೀವ. ತಂಗಿಯ ಮಗ ಕೈಲಾಸನಿಗೆ ಈ ವಿದ್ಯೆ ಕಲಿಸಿದ್ದೂ ಆತನೇ, ಅದೂ ತನ್ನ ಎಲೆಯ ಅನ್ನ ಉಣಿಸಿ.

ಆ ಕೈಲಾಸ ಉದಗೀರದ ಸಮಾಜದ ಟ್ರಸ್ಟಿಗೆ ಒಂದು ವೆಬ್‌ಪುಟ ಮಾಡಿಕೊಟ್ಟ. ಪುಟದಲ್ಲೊಂದು ನಕಾಶೆ, ನಿಮ್ಮ ಮನೆಯ ಗುರುತು ಒತ್ತಿದರೆ ನಿಮ್ಮ ಅಯ್ಯ ಯಾರು, ಫೋನ್ ನಂಬರ್ ಏನು ಎಂದು ತೋರಿಸುತ್ತದೆ. ಮಾವನ ಮನೆಗಳನ್ನೆಲ್ಲ ತನ್ನ ಹೆಸರಿಗೆ ಬರೆದುಕೊಂಡ. ಒಂದನ್ನೂ ಬಿಡಲಿಲ್ಲ, ಪುಣ್ಯಾತ್ಮ.

ಟ್ರಸ್ಟಿನ ಅಧ್ಯಕ್ಷ, ಮುರುಮ ಊರಿನ ಕಾಳಿನ ವ್ಯಾಪಾರಿ ಬಸವಣ್ಣೆಪ್ಪನ ತಾಯಿ ತೀರಿಕೊಂಡಾಗ ಇದು ಬಯಲಾಯಿತು. ಸುದ್ದಿ ಕೇಳಿದ ಚಿದಂಬರಯ್ಯ ಕರೆಯ ಹಾದಿ ಕಾಯದೆ ಬಸ್ಸು ಹತ್ತಿದ. ಹೋಗುವಷ್ಟರಲ್ಲಿ ಕೈಲಾಸ ಪಾದ ಇಟ್ಟಾಗಿತ್ತು. "ನಕ್ಷಾದಾಗ ಅವರ ಹೆಸರು ಬಂತ್ರಿ ಅಯ್ಯಾರ. ನೀವು ನಮ್ಮ ಮನಿ ಬಿಟ್ಟೀರಿ ಅಂತ ತಿಳಕೊಂಡಿವಿ" ಎಂದ ಬಸವಣ್ಣೆಪ್ಪ. ಮುದುಕ ಅಂಗಳದಲ್ಲೇ ಕೈಮುಗಿದು ತಿರುಗಿ ಬಂದ. ಕರೆಯದ ಮನೆಗೆ ಹೋದ ಅಯ್ಯ ಅನ್ನಿಸಿಕೊಂಡೆನಲ್ಲ ಎಂದು ಮಗಳ ಮುಂದೆ ಒಂದೇ ಮಾತು ಆಡಿದ. ಅಂದಿನಿಂದ ಮನೆ ಬಿಟ್ಟು ಹೊರಡಲಿಲ್ಲ.

ಬಸವೇಶ್ವರಿ ಅಪ್ಪನ ಜೋಳಿಗೆಯನ್ನು ಗೂಟಕ್ಕೆ ನೇತುಹಾಕಿದಳು. ಆ ಕೈಲಾಸನಿಗೆ ಮಾಡಿ ತೋರಿಸದಿದ್ದರೆ ತಾನು ಚಿದಂಬರಯ್ಯನ ಮಗಳೇ ಅಲ್ಲ ಎಂದುಕೊಂಡಳು. ಯಾರಿಗೂ ಹೇಳಲಿಲ್ಲ. ಏಳು ತಿಂಗಳು ಕಾದಳು. ಒಂದು ದಿನ ಕೈಲಾಸ ತಾನಾಗಿಯೇ ಅಂಗಡಿಗೆ ಬಂದ. ನಾಚಿಕೆಯಿಲ್ಲ, ಅಳುಕಿಲ್ಲ. ಮಾವ ಸುಮ್ಮನಿದ್ದುದನ್ನು ಒಪ್ಪಿಗೆ ಎಂದುಕೊಂಡಿದ್ದ.

"ಅಕ್ಕಾ, ಸೋಮವಾರ ಟ್ರಸ್ಟಿನ ಸಭಾ ಅದ. ದೊಡ್ಡ ಪರದೇದ ಮ್ಯಾಲ ನಕ್ಷಾ ತೋರಸಬೇಕು. ಆ ಹಳೇ ವಾಡೇದಾಗ ನೆಟ್ ಬರಂಗಿಲ್ಲ, ಬರೇ ಬೂದಿಬಣ್ಣದ ಚೌಕ ಕಾಣ್ತಾವ. ನೆಟ್ ಇಲ್ಲದ ನಡಿಯೋಹಂಗ ನಕ್ಷಾ ಇಳಿಸಿ ಕೊಡು."

ಮರಾಠಿ ಬೆರೆತ ಆ ಗಡಿಯ ಮಾತಿನಲ್ಲಿ ನಕ್ಷಾ ಎಂದರೆ ನಕಾಶೆಯೂ ಹೌದು, ಸೊಕ್ಕೂ ಹೌದು. ಯಾರದಾದರೂ ನಕ್ಷಾ ಇಳಿಸುವುದೆಂದರೆ ಅವರ ಸೊಕ್ಕು ಮುರಿಯುವುದು. ಕೇಳಿದವನಿಗೆ ಅದು ಹೊಳೆಯಲಿಲ್ಲ, ಬಸವೇಶ್ವರಿಗೆ ಹೊಳೆಯಿತು.

"ಇಳಸ್ತೀನಿ ತಗೋ" ಎಂದಳು. "ಆದ್ರ ಮನಿ ಗುರ್ತು, ಹೆಸರು, ಎಲ್ಲಾ ನನ್ನ ಈ ಸಣ್ಣ ಕಂಪ್ಯೂಟರ್ ಡಬ್ಬೀದಾಗೇ ಹಾಕಬೇಕಾಗ್ತದ. ಹಾಕ್ಲೇನು?"

"ಹಾಕಕ್ಕಾ, ನಂಗೇನ್ ತಿಳೀತದ. ಆದ್ರ ನೀ ಮಾಡೀದಿ ಅಂತ ಯಾರ ಮುಂದೂ ಅನಬ್ಯಾಡ. ಎಲ್ಲಾ ನಾನೇ ಮಾಡೀನಿ ಅಂತ ಹೇಳಿಬಿಟ್ಟೀನಿ."

"ನಾ ಯಾಕ ಅನ್ಲಿ?"

ಪುಟದ ಆ ನಕಾಶೆ ಒಂದು ಪ್ಲಗಿನ್, ಹೊರಗಿನಿಂದ ತಂದು ಪುಟಕ್ಕೆ ಸಿಕ್ಕಿಸುವ ತುಣುಕು. ಎಲ್ಲೋ ದೂರದ ಸರ್ವರಿನಿಂದ ಚೌಕ ಚೌಕವಾಗಿ ಚಿತ್ರ ತರಿಸಿಕೊಂಡು ಜೋಡಿಸುತ್ತದೆ. ಅದರ ಸೆಟ್ಟಿಂಗಿನಲ್ಲಿ ಸರ್ವರಿನ ವಿಳಾಸ ಬರೆಯಲು ಒಂದು ಸಾಲಿದೆ, ಅಷ್ಟೇ. ಬಸವೇಶ್ವರಿ ಊಟದ ಡಬ್ಬಿಯಷ್ಟಿದ್ದ ಪುಟ್ಟ ಕಂಪ್ಯೂಟರಿನಲ್ಲಿ ಆ ಪುಟವನ್ನೂ ಮೂರು ತಾಲೂಕಿನ ಚೌಕಗಳನ್ನೂ ತುಂಬಿ, ಆ ಸಾಲಿನಲ್ಲಿ ಅದರ ವಿಳಾಸ ಕೊಟ್ಟಳು. ಮೊದಲು ಏನೂ ಕಾಣಲಿಲ್ಲ. ತಲೆ ಕೆಡಿಸಿಕೊಂಡು ಹುಡುಕಿದರೆ ವಿಳಾಸದ ಕೊನೆಯ ಪೋರ್ಟ್ ನಂಬರನ್ನೇ ಬಿಟ್ಟಿದ್ದಳು. ಸರಿಪಡಿಸಿದ ಮೇಲೆ ರಸ್ತೆ, ಹಳ್ಳ, ಊರು ಒಂದೊಂದಾಗಿ ಮೂಡಿದವು.

ಇನ್ನು ಮನೆಗಳು. ಯಾತಕ್ಕೆಂದು ಹೇಳದೆ ಮನೆಯಲ್ಲೇ ಅಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡಳು. "ಅಗಸಿ ದಾಟಿ ಎಡಕ್ಕ ರೇವಣಪ್ಪನ ಮನಿ. ಅದರ ಹಿಂದ ಮಲಕಮ್ಮಂದು" ಎಂದು ಆತ ಕಣ್ಣು ಮುಚ್ಚಿಕೊಂಡೇ ಹೇಳುತ್ತ ಹೋದ. ಒಂದೊಂದು ಗುರುತಿನ ಮುಂದೂ ಆಕೆ 'ಅಯ್ಯ: ಚಿದಂಬರಯ್ಯ' ಎಂದು ಬರೆದಳು. ಕೈಲಾಸನ ಹೆಸರನ್ನು ಎಲ್ಲಿಯೂ ಬರೆಯಲಿಲ್ಲ. ಅಂಥ ಸುಖ ಆಕೆಗೆ ಹಬ್ಬದ ಹೋಳಿಗೆಯಲ್ಲೂ ಸಿಕ್ಕಿರಲಿಲ್ಲ.

ಸೋಮವಾರ ಡಬ್ಬಿ ಜೋಡಿಸಿಕೊಟ್ಟು ಹಿಂದಿನ ಸಾಲಿನಲ್ಲಿ ಕುಳಿತಳು. ರಸ್ತೆಗಳು ಕಾಣುತ್ತವೋ ಇಲ್ಲವೋ ಎಂದಷ್ಟೇ ನೋಡಿಕೊಂಡ ಕೈಲಾಸ ಮೈಕು ಹಿಡಿದ. "ಈ ಒಂದೊಂದು ಮನೀಗೂ ನಾನೇ ಹೋಗಿ, ನಾನೇ ಕೇಳಿ ಬರದೀನ್ರಿ" ಎಂದು ಅಧ್ಯಕ್ಷರ ಮನೆಯ ಗುರುತನ್ನು ಒತ್ತಿದ. ಪರದೆಯ ಮೇಲೆ ಗೇಣುದ್ದದ ಅಕ್ಷರದಲ್ಲಿ ಚಿದಂಬರಯ್ಯನ ಹೆಸರು ಬಂತು. ಪಕ್ಕದ ಮನೆ ಒತ್ತಿದ, ಅದೇ ಹೆಸರು. ಬೇರೆ ಊರಿಗೆ ಹೋಗಿ ಒತ್ತಿದ, ಅಲ್ಲಿಯೂ ಅದೇ.

ಬಸವಣ್ಣೆಪ್ಪ ಎದ್ದು ನಿಂತ. "ಇದು ನೀವೇ ಬರದದ್ದಲ್ಲೇನ್ರಿ ಕೈಲಾಸಯ್ಯನವರ?"

"ಹೌದ್ರಿ."

"ಖರೇ ಅದನೋ, ಸುಳ್ಳದನೋ?"

ಸುಳ್ಳೆಂದರೆ ಬರೆದವರು ಬೇರೆ ಎಂದು ಒಪ್ಪಿಕೊಳ್ಳಬೇಕು. ಖರೆ ಎಂದರೆ ಮನೆಗಳು ಹೋದವು. ಕೈಲಾಸ ಹಿಂದಿನ ಸಾಲಿನ ಕಡೆ ನೋಡಿದ. ಬಸವೇಶ್ವರಿ ಕಣ್ಣು ಮಿಟುಕಿಸದೆ ಕುಳಿತಿದ್ದಳು.

"ಖರೇ ಅದರೀ" ಎಂದ.

"ಹಂಗಾರ ನಮ್ಮವ್ವನ ತಲಿ ಮ್ಯಾಲ ನೀವ್ಯಾಕ ಪಾದ ಇಟ್ರಿ?"

ಬಸವಣ್ಣೆಪ್ಪ ಅವನ ಉತ್ತರಕ್ಕೂ ಕಾಯದೆ ಸಿಗ್ನಲ್ ಸಿಗುವ ಅಂಗಳಕ್ಕೆ ನಡೆದು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಚಿದಂಬರಯ್ಯನಿಗೆ ಫೋನು ಹಚ್ಚಿದ. "ಅಯ್ಯಾರ, ನಮ್ಮದು ತಪ್ಪಾಗೇದ. ಅವ್ವನ ವರ್ಷದ ಕಾರ್ಯಕ್ಕ ನೀವೇ ಬರಬೇಕು. ಗಾಡಿ ಕಳಸ್ತೀನಿ."

ಬಸವೇಶ್ವರಿ ಎದ್ದು ಬಾಗಿಲಿಗೆ ಬಂದಳು. ಅಪ್ಪನದು ಮೆತ್ತನೆಯ ಕರುಳು. ಈಗ ಅತ್ತುಬಿಡುತ್ತಾನೆ, ಆ ಕಳ್ಳನನ್ನೂ ಸೇರಿಸಿ ಎಲ್ಲರನ್ನೂ ಕ್ಷಮಿಸಿಬಿಡುತ್ತಾನೆ, ತನ್ನ ಏಳು ತಿಂಗಳು ಮಣ್ಣುಪಾಲು ಎಂದು ಹಲ್ಲು ಕಚ್ಚಿದಳು.

ಫೋನಿನಲ್ಲಿ ಮುದುಕನ ದನಿ ಬಂತು.

"ಗಾಡಿ ಬ್ಯಾಡ್ರಿ, ಕೈಲಾಸನ್ನ ಕಳಸ್ರಿ. ನನ್ನ ಜೋಳಗಿ ಹೊರಲಿಕ್ಕ ಒಂದಾಳು ಬೇಕು. ನಿಮ್ಮ ಮನಿ ಒಂದೇ ಅಲ್ಲ, ಎರಡು ನೂರಾ ಹನ್ನೆರಡು ಮನೀಗೂ ಹೋಗೂದದ. ನಡಕೋತ."